ಆಚೆಯ ಆಟ

ಒಪೆರಾ ಎಂಬ ಮಾತನ್ನು ಕೇಳಿದೊಡನೆ ನಮ್ಮಲ್ಲಿ ಬಹು ಮಂದಿಯ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇ. ಕೆಂಪು ಮಖಮಲ್ಲಿನ ಕುರ್ಚಿಗಳು, ಮೇಲೆ ತೂಗುವ ಸ್ಫಟಿಕದ ದೀಪಗುಚ್ಛ, ದುರ್ಬೀನು ಹಿಡಿದ ದೊರೆಸಾನಿಯರು, ರಂಗದ ಮೇಲೆ ಸ್ಥೂಲಕಾಯದ ಗಾಯಕಿಯೊಬ್ಬಳು ಪ್ರಾಣ ಬಿಡುತ್ತ ಬಿಡುತ್ತಲೇ ಕಾಲು ಗಂಟೆ ಹಾಡುವುದು. ಸಿನೆಮಾಗಳು ಕಲಿಸಿಕೊಟ್ಟ ಈ ಚಿತ್ರವನ್ನು ನಾನು ಅಲ್ಲಗಳೆಯಲಾರೆ. ಆದರೆ ಒಪೆರಾ ನೋಡಬೇಕೆಂಬ ಆಸೆಯುಳ್ಳ ಮೈಸೂರಿನ ಸಂಸಾರವೊಂದು ಮಿಲಾನಿಗೋ ವಿಯೆನ್ನಾಕ್ಕೋ ಹೋಗುವ ಯೋಗ ಬರುವ ತನಕ ಕಾಯಬೇಕಾಗಿಲ್ಲ. ಮಡಿಕೇರಿಯ ಬಸ್ಸು ಹತ್ತಿ, ಹುಣಸೂರನ್ನೂ ಪಿರಿಯಾಪಟ್ಟಣವನ್ನೂ ದಾಟಿ, ಕಾವೇರಿಯ ಸೇತುವೆ ಬರುವ ಮೊದಲೇ ಇಳಿದುಕೊಂಡರೆ ಸಾಕು.

ಮೊದಲು ಒಪೆರಾ ಎಂದರೇನೆಂಬುದನ್ನು ನೋಡೋಣ. ಮಾತಿನಲ್ಲಿ ಹೇಳಬಹುದಾದುದನ್ನು ಹಾಡಿಯೇ ಹೇಳುವ ನಾಟಕ ಅದು. ಪ್ರಾಚೀನ ಗ್ರೀಕರ ನಾಟಕಗಳಲ್ಲಿ ಮಾತುಗಳನ್ನು ಹಾಡುತ್ತಿದ್ದರೆಂದು ನಂಬಿದ ಫ್ಲಾರೆನ್ಸ್ ನಗರದ ಕೆಲವು ವಿದ್ವಾಂಸರೂ ಸಂಗೀತಗಾರರೂ ಸೇರಿ ಅದನ್ನು ಹುಟ್ಟುಹಾಕಿದರು. 1600ರಲ್ಲಿ ಅಲ್ಲಿ ಪ್ರದರ್ಶಿತವಾದ ಯಾಕೊಪೊ ಪೆರಿಯ ‘ಯೂರಿಡಿಚೆ’ ಇಂದಿಗೂ ಪೂರ್ಣವಾಗಿ ಉಳಿದುಬಂದಿರುವ ಒಪೆರಾಗಳಲ್ಲಿ ಮೊದಲನೆಯದು. ಅರಮನೆಗಳ ಒಳಗೆ ನಡೆಯುತ್ತಿದ್ದ ಈ ವಿನೋದ 1637ರಲ್ಲಿ ವೆನಿಸಿನಲ್ಲಿ ಟಿಕೆಟ್ಟು ಕೊಂಡವರಿಗೆಲ್ಲ ದೊರೆಯುವಂತಾಯಿತು. ಅದರಲ್ಲಿ ಎರಡು ಬಗೆಯ ಹಾಡಿಕೆಯನ್ನು ಗುರುತಿಸಿಕೊಂಡರೆ ಅರ್ಧ ಒಪೆರಾ ಅರ್ಥವಾದಂತೆಯೇ. ಮಾತಿಗೂ ಹಾಡಿಗೂ ನಡುವೆ ನಿಂತು ಕಥೆಯನ್ನು ಓಡಿಸಿಕೊಂಡು ಹೋಗುವ ಪಠನ ಒಂದು. ಕಥೆಯನ್ನು ನಿಲ್ಲಿಸಿ ಪಾತ್ರದ ಅಂತರಂಗವನ್ನು ತೋಡಿಕೊಳ್ಳುವ ಹಾಡು ಇನ್ನೊಂದು. ಎರಡನೆಯದು ಬಂದಾಗ ಗಡಿಯಾರ ನಿಂತುಬಿಡುತ್ತದೆ. ಕತ್ತಿ ಎತ್ತಿದವನು ಎತ್ತಿಯೇ ಇರುತ್ತಾನೆ, ಹಾಡು ಮುಗಿಯುವವರೆಗೂ ಕಡಿಯುವುದಿಲ್ಲ.

ಇದರಲ್ಲಿ ನಗತಕ್ಕದ್ದೇನೂ ಇಲ್ಲವೆಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಸ್ಮಶಾನದಲ್ಲಿ ಮಗನ ಹೆಣವನ್ನು ಮುಂದಿಟ್ಟುಕೊಂಡು ಚಂದ್ರಮತಿ ಹಾಡತೊಡಗಿದರೆ ಚಿತೆ ಕಾಯುತ್ತಿತ್ತು, ಹರಿಶ್ಚಂದ್ರ ಕಾಯುತ್ತಿದ್ದ, ಸಾವಿರ ಜನ ಪ್ರೇಕ್ಷಕರೂ ಕಾಯುತ್ತಿದ್ದರು. ಹಾಡು ಚೆನ್ನಾಗಿದ್ದರೆ ‘ಒನ್ಸ್ ಮೋರ್’ ಎಂದು ಕೂಗಿ ಇನ್ನಷ್ಟು ಕಾಯಿಸುತ್ತಿದ್ದರು. ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಮಂಡಲಿ ಹುಟ್ಟಿ, ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿಕೊಟ್ಟ 1880ರ ದಶಕದಿಂದ ಮೊದಲುಗೊಂಡು, ಗುಬ್ಬಿ ವೀರಣ್ಣನವರ ಕಂಪನಿ ಆನೆ ಕುದುರೆಗಳನ್ನು ರಂಗಕ್ಕೆ ತಂದ ವೈಭವದ ದಿನಗಳವರೆಗೆ, ನಮ್ಮವರು ನಾಟಕ ‘ನೋಡಲು’ ಹೋಗುತ್ತಿದ್ದುದಕ್ಕಿಂತ ‘ಕೇಳಲು’ ಹೋಗುತ್ತಿದ್ದುದೇ ಹೆಚ್ಚು. ಪು.ತಿ.ನ. ಅವರು ‘ಗೋಕುಲ ನಿರ್ಗಮನ’ವನ್ನು ಗೀತನಾಟಕವೆಂದು ಕರೆದರು. ಒಪೆರಾಕ್ಕೆ ಅದಕ್ಕಿಂತ ಒಳ್ಳೆಯ ಕನ್ನಡ ಮಾತನ್ನು ನಾನು ಕೇಳಿಲ್ಲ. ಪಾಶ್ಚಾತ್ಯ ಸಂಗೀತವೂ ಈ ಊರಿಗೆ ಪರಕೀಯವಾಗಿರಲಿಲ್ಲ. ರಿಚರ್ಡ್ ಸ್ಟ್ರೌಸ್ ಎಂಬ ಮಹಾ ಒಪೆರಾಕಾರನ ಕೊನೆಯ ನಾಲ್ಕು ಗೀತೆಗಳು ಅವನು ತೀರಿಕೊಂಡ ಮೇಲೆ, 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ ಆ ಕಾರ್ಯಕ್ರಮದ ಖರ್ಚಿಗೆ ಹೊಣೆ ನಿಂತವರು ನಮ್ಮ ಜಯಚಾಮರಾಜ ಒಡೆಯರು.

ಇರಲಿ. ಬಸ್ಸಿನಿಂದ ಇಳಿಯಬೇಕಾದ ಊರು ಬೈಲುಕುಪ್ಪೆ. 1959ರಲ್ಲಿ ದಲೈ ಲಾಮಾ ಅವರ ಹಿಂದೆ ಹಿಮಾಲಯವನ್ನು ದಾಟಿ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ಸರಕಾರ ಇಲ್ಲಿ ಸುಮಾರು 3,000 ಎಕರೆ ಕಾಡನ್ನು ಬಿಟ್ಟುಕೊಟ್ಟಿತು. 1960ರ ಕೊನೆಯ ಹೊತ್ತಿಗೆ ಮೊದಲ ಗುಂಪು ಬಂದಿಳಿಯಿತು. ಹಿಮದ ನಾಡಿನ ಜನ ಮರ ಕಡಿದು, ಆನೆಗಳೊಡನೆ ಹೆಣಗಾಡಿ, ಮುಸುಕಿನ ಜೋಳ ಬೆಳೆದರು. 1972ರ ಸುಮಾರಿಗೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಅವರ ಇನ್ನೊಂದು ನೆಲೆ ಎದ್ದಿತು. ಈಗ ಬೈಲುಕುಪ್ಪೆಗೆ ಹೋಗುವ ನಮ್ಮವರು ನಾಮ್‌ಡ್ರೋಲಿಂಗ್ ಮಠದ ಸ್ವರ್ಣ ಮಂದಿರವನ್ನು ನೋಡಿ, ಮೋಮೋ ತಿಂದು, ಫೋಟೋ ತೆಗೆಸಿಕೊಂಡು ಕುಶಾಲನಗರದ ಕಡೆಗೆ ಹೊರಟುಬಿಡುತ್ತಾರೆ. ಅದೃಷ್ಟವಿದ್ದವರಿಗೆ ಮಠದ ಅಂಗಳದಲ್ಲಿ ಸಂನ್ಯಾಸಿಗಳು ಮುಖವಾಡ ತೊಟ್ಟು ಕುಣಿಯುವುದು ಕಾಣಸಿಗುತ್ತದೆ. ಅದಕ್ಕೆ ‘ಛಾಮ್’ ಎಂದು ಹೆಸರು, ಅದು ಪೂಜೆಯ ಒಂದು ಅಂಗ. ನಾನು ಹೇಳಹೊರಟಿರುವುದು ಅದನ್ನಲ್ಲ. ಸಂಸಾರವಂದಿಗರು, ಹೊಲ ಅಂಗಡಿಗಳನ್ನು ನೋಡಿಕೊಂಡಿರುವವರು, ಹಗಲಿಡೀ ಬಯಲಿನಲ್ಲಿ ಆಡುವ ಗೀತನಾಟಕ ಬೇರೊಂದಿದೆ. ಅದರ ಹೆಸರು ‘ಆಚೆ ಲ್ಹಾಮೋ’. ‘ಅಕ್ಕ ದೇವತೆ’ ಎಂದು ಅದರ ಅರ್ಥವಂತೆ. ನಮ್ಮ ಕನ್ನಡದ ‘ಆಚೆ’ಗೂ ಅದಕ್ಕೂ ಯಾವ ನಂಟೂ ಇಲ್ಲ. ಆದರೂ ಆಟ ನಡೆಯುವುದು ಮನೆಯ ಆಚೆಯೇ ಆದುದರಿಂದ ಆ ಹೆಸರು ನನಗೆ ಒಮ್ಮೆಗೇ ನೆನಪಿನಲ್ಲಿ ನಿಂತುಬಿಟ್ಟಿತು. ಯುನೆಸ್ಕೋ ಸಂಸ್ಥೆ 2009ರಲ್ಲಿ ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿದ್ದು ಇದನ್ನೇ, ‘ಟಿಬೆಟಿನ ಒಪೆರಾ’ ಎಂಬ ಹೆಸರಿನಿಂದ.

ನಾನು ಅದನ್ನು ನೋಡಲು ಹೋದುದು ಕಲಾಭಿಮಾನದಿಂದಲ್ಲ, ನನ್ನ ಸೋದರಮಾವನ ದೆಸೆಯಿಂದ.

ನಮ್ಮ ಮಾವನವರದು ಕೃಷ್ಣರಾಜನಗರ ತಾಲ್ಲೂಕಿನ, ಚುಂಚನಕಟ್ಟೆಗೆ ಸಮೀಪದ ಒಂದು ಹಳ್ಳಿ. ಎಪ್ಪತ್ತೆಂಟು ದಾಟಿದೆ. ಆ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಊರವರೇ ಬಣ್ಣ ಹಚ್ಚಿಕೊಂಡು ‘ಕುರುಕ್ಷೇತ್ರ’ವನ್ನೋ ‘ಸತ್ಯ ಹರಿಶ್ಚಂದ್ರ’ವನ್ನೋ ರಾತ್ರಿಯಿಡೀ ಆಡುವುದುಂಟು. ಎರಡು ಮೂರು ತಿಂಗಳ ಮೊದಲೇ ನಾಟಕದ ಮೇಷ್ಟ್ರು ಹಾರ್ಮೋನಿಯಮ್ ಪೆಟ್ಟಿಗೆಯೊಡನೆ ಬಂದು ಬಿಡಾರ ಹೂಡುತ್ತಾರೆ. ಹಗಲೆಲ್ಲ ಗದ್ದೆಯಲ್ಲಿ ದುಡಿದವರು ರಾತ್ರಿ ಹನ್ನೊಂದರವರೆಗೆ ಕಂದಪದ್ಯ ಕಲಿಯುತ್ತಾರೆ. ಪಾತ್ರಕ್ಕೆ ಇಷ್ಟೆಂದು ಪಾತ್ರಧಾರಿಯೇ ಹಣ ಹಾಕಬೇಕು. ದುರ್ಯೋಧನನಾಗುವುದು ವಿದುರನಾಗುವುದಕ್ಕಿಂತ ದುಬಾರಿ ಎಂಬುದನ್ನು ಕೇಳಿ ನನ್ನ ಮಗಳು ಬಿದ್ದು ಬಿದ್ದು ನಕ್ಕಳು. ಹರಿಶ್ಚಂದ್ರನ ಪಾತ್ರ ನಮ್ಮ ಮಾವನವರದೇ ಎಂದು ಊರಿನಲ್ಲಿ ಗೊತ್ತಾಗಿಹೋಗಿತ್ತು. ಸ್ತ್ರೀಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರು ಬರುತ್ತಿದ್ದರು, ಅದೂ ಆಟದ ದಿನವೇ. ಅಲ್ಲಿಯವರೆಗೆ ಮನೆಯಲ್ಲಿ ಚಂದ್ರಮತಿಯ ಮಾತುಗಳನ್ನು ಹೇಳುತ್ತಿದ್ದವರು ನಮ್ಮ ಅತ್ತೆ. ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತ, ಪುಸ್ತಕದ ಕಡೆ ನೋಡದೆಯೇ, ತಮ್ಮ ಪಾತ್ರವನ್ನೂ ಮಾವ ಮರೆತ ಅವರ ಪಾತ್ರವನ್ನೂ ಒಪ್ಪಿಸುತ್ತಿದ್ದರು. ಒಂದು ದಿನವೂ ರಂಗ ಹತ್ತಿದವರಲ್ಲ. ನಲವತ್ತು ವರ್ಷ ಚಂದ್ರಮತಿಯಾಗಿದ್ದರು.

ಅತ್ತೆ ತೀರಿಕೊಂಡು ಈಗ ನಾಲ್ಕು ವರ್ಷ. ಅಂದಿನಿಂದ ಮಾವ ಹಾಡಿಲ್ಲ. ಊರಿನ ಹುಡುಗರು ನಾಲ್ಕಾರು ಮಂದಿ, ‘ನಮಗೆ ಹರಿಶ್ಚಂದ್ರ ಕಲಿಸಿಕೊಡಿ’ ಎಂದು ಎರಡು ಸಲ ಬಂದು ಕೇಳಿ ಹೋದರು. ಕಂಠ ಹೋಯಿತೆಂದು ಹೇಳಿ ಕಳುಹಿಸಿದರು. ಕಂಠ ಹೋಗಿರಲಿಲ್ಲ. ಹಿತ್ತಲಿನಲ್ಲಿ ಆಳನ್ನು ಕೂಗುವಾಗ ಮೂರನೆಯ ಗದ್ದೆಗೆ ಕೇಳಿಸುತ್ತಿತ್ತು. ಹಾರ್ಮೋನಿಯಮ್ ಮಂಚದ ಕೆಳಗೆ ಹಳೆಯ ಪಂಚೆಯೊಂದನ್ನು ಹೊದ್ದು ಮಲಗಿತ್ತು. ಮೈಸೂರಿಗೆ ಕರೆತಂದು ಪುರಭವನದಲ್ಲಿ ಒಂದು ಪೌರಾಣಿಕ ನಾಟಕ ತೋರಿಸೋಣವೆಂದರೆ ಒಪ್ಪಲಿಲ್ಲ. ‘ಯಾರೂ ಹರಿಶ್ಚಂದ್ರ ಆಗದ ನಾಟಕ ಇದ್ದರೆ ಹೇಳಮ್ಮ, ಬರ್ತೀನಿ’ ಎಂದರು. ಬೈಲುಕುಪ್ಪೆಯಲ್ಲಿ ಲ್ಹಾಮೋ ನಡೆಯುವುದೆಂಬ ಸುದ್ದಿ ಬಂದಾಗ ನಾನು ಆ ಮಾತನ್ನೇ ಹಿಡಿದುಕೊಂಡೆ.

ಹೋಗುವವರಿಗೆ ಮೊದಲು ಹೇಳಬೇಕಾದುದು ಹೊತ್ತಿನ ವಿಷಯ. ಇದು ಎರಡೂವರೆ ಗಂಟೆಯ ಸಿನೆಮಾ ಅಲ್ಲ. ಬೆಳಗ್ಗೆ ಬಿಸಿಲು ಏರುವ ಮೊದಲೇ ಆರಂಭವಾಗಿ ಸಂಜೆಯವರೆಗೂ ನಡೆಯುತ್ತದೆ. ಟಿಬೆಟಿನವರು ಅದಕ್ಕೆ ತಕ್ಕ ಹಾಗೆ ಬರುತ್ತಾರೆ. ಜಮಖಾನೆ, ಬುತ್ತಿ, ಥರ್ಮಾಸ್ ಫ್ಲಾಸ್ಕು, ಮೊಮ್ಮಕ್ಕಳು, ಜಪಮಾಲೆ. ಲ್ಹಾಸಾದಲ್ಲಿ ಬೇಸಗೆಯ ಒಪೆರಾ ಹಬ್ಬಕ್ಕೆ ‘ಶೋತೋನ್’, ಅಂದರೆ ಮೊಸರಿನ ಔತಣ, ಎಂದೇ ಹೆಸರು. ಊಟವನ್ನೂ ಆಟವನ್ನೂ ಬೇರ್ಪಡಿಸುವ ಅಭ್ಯಾಸ ಅವರಲ್ಲಿಲ್ಲ. ನಾವು ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ಅದು ಇಷ್ಟು ಶಾಸ್ತ್ರೋಕ್ತವೆಂದು ಆಮೇಲೆ ತಿಳಿಯಿತು.

ರಂಗಸ್ಥಳವೆಂದು ಹುಡುಕಬೇಡಿ. ಬಯಲಿನ ಮೇಲೆ ದೊಡ್ಡದೊಂದು ಬಿಳಿಯ ಮೇಲ್ಕಟ್ಟು, ಅದರ ಕೆಳಗೆ ಬರಿಯ ನೆಲ, ಸುತ್ತಲೂ ಜನ. ಪರದೆಯಿಲ್ಲ, ಸೀನರಿಯಿಲ್ಲ. ನಡುವೆ ಒಂದು ಸಣ್ಣ ಪೀಠದ ಮೇಲೆ ಬಿಳಿಗಡ್ಡದ ಒಬ್ಬ ಮಹನೀಯರ ಮೂರ್ತಿ. ಆತ ಥಾಂಗ್‌ತೋಂಗ್ ಗ್ಯಾಲ್ಪೊ ಎಂಬ ಸಿದ್ಧ ಪುರುಷ. ಸುಮಾರು ಆರು ಶತಮಾನಗಳ ಹಿಂದೆ ಟಿಬೆಟಿನ ನದಿಗಳಿಗೆ ಕಬ್ಬಿಣದ ಸರಪಣಿಯ ಸೇತುವೆಗಳನ್ನು ಕಟ್ಟಿಸಿದವನು. ಸೇತುವೆಗೆ ಹಣ ಸಾಲದೆ ಬಂದಾಗ, ಕೆಲಸಕ್ಕೆ ಬಂದಿದ್ದ ಏಳು ಮಂದಿ ಅಕ್ಕತಂಗಿಯರಿಗೆ ಹಾಡು ಕುಣಿತಗಳನ್ನು ಕಲಿಸಿ, ಊರೂರು ಸುತ್ತಿ ಆಡಿಸಿ ಹಣ ಕೂಡಿಸಿದನೆಂದು ಐತಿಹ್ಯ. ಜಗತ್ತಿನಲ್ಲಿ ಇಂಜಿನಿಯರನ್ನು ಮೂಲಪುರುಷನೆಂದು ಪೂಜಿಸುವ ರಂಗಭೂಮಿ ಇನ್ನೊಂದಿರಲಾರದು. ನಮ್ಮ ಯಜಮಾನರು ಲೋಕೋಪಯೋಗಿ ಇಲಾಖೆಯಲ್ಲಿದ್ದವರು. ಅವರಿಗೆ ಇಷ್ಟು ಹೊತ್ತೂ ಇಲ್ಲದ ಗೌರವ ಈ ಕಲೆಯ ಮೇಲೆ ಅಲ್ಲಿಂದ ಹುಟ್ಟಿತು.

ವಾದ್ಯಗಳ ವಿಷಯದಲ್ಲಿಯೂ ಆಶ್ಚರ್ಯಪಡಲು ಸಿದ್ಧರಾಗಿರಬೇಕು. ಒಂದು ನಗಾರಿ, ಒಂದು ಜೊತೆ ಕಂಚಿನ ತಾಳ. ಇಷ್ಟೇ. ಶ್ರುತಿ ಹಿಡಿಯುವುದಕ್ಕೆ ಪೆಟ್ಟಿಗೆಯಿಲ್ಲ, ತಂಬೂರಿಯಿಲ್ಲ, ಕೊಳಲಿಲ್ಲ. ಮೊದಲಿಗೆ ‘ಙೋನ್‌ಪಾ’ಗಳೆಂಬ ಬೇಟೆಗಾರರು ಬರುತ್ತಾರೆ. ಕವಡೆ ಅಲಂಕಾರದ ನೀಲಿ ಮುಖವಾಡ, ಸೊಂಟದ ಸುತ್ತ ಜೋಲುವ ಕುಚ್ಚುಗಳು. ಅವರು ಗಿರಗಿರನೆ ಸುತ್ತಿದರೆ ಕುಚ್ಚುಗಳೆಲ್ಲ ಛತ್ರಿಯಂತೆ ಅಡ್ಡಲಾಗಿ ನಿಲ್ಲುತ್ತವೆ. ನೆಲವನ್ನು ಶುದ್ಧಿ ಮಾಡುವುದು ಅವರ ಕೆಲಸ. ಅನಂತರ ಎತ್ತರದ ಟೋಪಿಯ ಇಬ್ಬರು ಹಿರಿಯರು ಬಂದು ಹರಸುತ್ತಾರೆ. ಕೊನೆಗೆ ದೇವತೆಯರು ಹಾಡುತ್ತಾರೆ. ಕಥೆ ಇನ್ನೂ ಆರಂಭವಾಗಿರುವುದಿಲ್ಲ. ಇದನ್ನು ಸೋಮಾರಿತನವೆಂದು ಎಣಿಸುವವರು ನಮ್ಮ ಮೂಡಲಪಾಯದ ಪೂರ್ವರಂಗವನ್ನು ನೆನೆಸಿಕೊಳ್ಳಲಿ. ಗಣಪತಿ ಶಾರದೆಯರ ಸ್ತುತಿಯಾಗದೆ, ಸಾರಥಿಯ ವಿಚಾರಣೆಯಾಗದೆ, ಅಲ್ಲಿ ಯಾವ ರಾಜನೂ ತನ್ನ ಹೆಸರನ್ನು ಕೂಡ ಹೇಳುವಂತಿಲ್ಲ.

ಅನಂತರ ಸೂತ್ರಧಾರ ಮುಂದೆ ಬಂದು ಮಂತ್ರ ಹೇಳಿದಷ್ಟು ವೇಗವಾಗಿ, ಒಂದೇ ಸ್ವರದಲ್ಲಿ, ಕಥೆಯನ್ನು ಒದರಿಬಿಡುತ್ತಾನೆ. ಅದು ಹಳೆಯ ಗ್ರಂಥಭಾಷೆ, ಅವರಲ್ಲಿಯೇ ಎಷ್ಟೋ ಜನರಿಗೆ ಪೂರ್ತಿ ತಿಳಿಯುವುದಿಲ್ಲ. ಫ್ಲಾರೆನ್ಸಿನವರು ಕಂಡುಹಿಡಿದ ಓಟದ ಪಠನಕ್ಕೆ ಇಲ್ಲಿ ಒಬ್ಬ ಪ್ರತ್ಯೇಕ ಮನುಷ್ಯನೇ ಇದ್ದಾನೆ. ಅವನು ನಿಲ್ಲಿಸಿದೊಡನೆ ಪಾತ್ರಧಾರಿ ಹಾಡುತ್ತಾನೆ.

ಆ ಹಾಡಿನ ಬಗೆಗೆ ಎಚ್ಚರಿಕೆ ಹೇಳದಿದ್ದರೆ ತಪ್ಪಾದೀತು. ನಮ್ಮ ಕಿವಿಗೆ ಮೊದಲ ಕ್ಷಣ ಅದು ಹಾಡೆನ್ನಿಸುವುದಿಲ್ಲ. ಬೆಟ್ಟದ ಈ ತುದಿಯಿಂದ ಆ ತುದಿಯವರನ್ನು ಕರೆದಂತೆ ತಾರಸ್ಥಾಯಿಯಲ್ಲಿ ಎದ್ದು, ಗಂಟಲಿನಲ್ಲಿ ಒಡೆದು, ನಡುಗಿ, ಮತ್ತೆ ಎದ್ದು, ಉಸಿರು ಮುಗಿಯುವ ತನಕ ಒಂದೇ ಅಕ್ಷರವನ್ನು ಎಳೆದುಕೊಂಡು ಹೋಗುತ್ತದೆ. ನನ್ನ ಮಗಳು ಕಿವಿ ಮುಚ್ಚಿಕೊಂಡಳು. ಅಷ್ಟು ಹೊತ್ತು ಊರುಗೋಲಿನ ಮೇಲೆ ಗಲ್ಲವನ್ನೂರಿ ಕುಳಿತಿದ್ದ ಮಾವ ತಲೆ ಎತ್ತಿದರು.

‘ಇವರಿಗೆ ಮೈಕು ಬೇಡ ಬಿಡಮ್ಮ. ಕಪ್ಪು ನಾಲ್ಕರಲ್ಲಿ ಹಿಡಿದಿದ್ದಾನೆ. ನಮ್ಮ ಮೇಷ್ಟ್ರು ಇಂಥಾ ಶ್ರುತಿಯಿಂದ ಇಳಿಯೋಕೆ ಬಿಡ್ತಾನೇ ಇರಲಿಲ್ಲ.’

ಶ್ರುತಿ ಎಷ್ಟಿತ್ತೋ ನಾನರಿಯೆ. ಆದರೆ ಮೈಕು ಇಲ್ಲದ ಕಾಲದ ಕಂಪನಿ ನಟರು ಏಕೆ ಅಷ್ಟು ಎತ್ತರದಲ್ಲಿ ಹಾಡುತ್ತಿದ್ದರೆಂಬುದನ್ನು ಅವರು ನನ್ನ ಮಗಳಿಗೆ ವಿವರಿಸಿದರು. ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತವನೂ ಕಾಸು ಕೊಟ್ಟೇ ಬಂದವನು, ಅವನಿಗೂ ಕೇಳಬೇಡವೆ? ನಾಲ್ಕು ವರ್ಷದಲ್ಲಿ ಮಾವ ನಾಟಕದ ಸುದ್ದಿ ಎತ್ತಿದ್ದು ಅದೇ ಮೊದಲು.

ಅಂದು ಆಡಿದ ಕಥೆ ‘ದ್ರಿಮೆ ಕುಂದೆನ್’. ಕೇಳಿದವರಿಗೆ ಕೊಟ್ಟೇ ತೀರುವೆನೆಂದು ವ್ರತ ತೊಟ್ಟ ರಾಜಕುಮಾರನೊಬ್ಬನ ವೃತ್ತಾಂತ. ಜಾತಕ ಕಥೆಗಳನ್ನು ಓದಿದವರಿಗೆ ಇವನು ವೇಸ್ಸಂತರನೆಂದು ಕೂಡಲೆ ಗೊತ್ತಾಗುತ್ತದೆ. ನಮ್ಮ ದೇಶದಿಂದ ಹಿಮಾಲಯ ಹತ್ತಿ ಹೋದ ಕಥೆ ಎಷ್ಟೋ ಶತಮಾನಗಳ ಮೇಲೆ ನಿರಾಶ್ರಿತರ ಜೊತೆ ಪಿರಿಯಾಪಟ್ಟಣಕ್ಕೆ ಇಳಿದು ಬಂದಿದೆ. ಬೇಡಿದ್ದನ್ನು ಕೊಡುವ ರತ್ನವನ್ನು ಶತ್ರುವಿನ ಕಡೆಯ ಬ್ರಾಹ್ಮಣನಿಗೆ ದಾನ ಮಾಡಿದ್ದಕ್ಕಾಗಿ ಅವನಿಗೆ ಹನ್ನೆರಡು ವರ್ಷ ವನವಾಸವಾಗುತ್ತದೆ. ದಾರಿಯಲ್ಲಿ ಆನೆಗಳನ್ನು ಕೊಡುತ್ತಾನೆ. ಮೂವರು ಮಕ್ಕಳನ್ನು ಕೊಡುತ್ತಾನೆ. ಹೆಂಡತಿಯನ್ನೂ ಕೊಡುತ್ತಾನೆ. ಕೊನೆಗೆ ಕುರುಡನೊಬ್ಬನಿಗೆ ತನ್ನ ಕಣ್ಣುಗಳನ್ನೇ ಕೊಡುತ್ತಾನೆ. ಎಲ್ಲವೂ ಹಿಂದಿರುಗಿ ಬರುತ್ತದೆನ್ನಿ, ಆದರೆ ಬರುವುದು ಬಹಳ ಹೊತ್ತಾದ ಮೇಲೆ.

ಹೋಗುವ ಮುನ್ನ ಕಥೆಯನ್ನು ತಿಳಿದುಕೊಂಡಿರಬೇಕು, ಯಾವ ಒಪೆರಾಕ್ಕೇ ಆಗಲಿ ಇದು ಅಗತ್ಯ. ಮಿಲಾನಿನಲ್ಲಿಯೂ ಜನ ಕಥೆ ಗೊತ್ತಿದ್ದೇ ಹೋಗುತ್ತಾರೆ. ಮುಂದೇನಾಗುವುದೋ ಎಂಬ ಕುತೂಹಲ ಕಾದಂಬರಿಗೆ ಮೀಸಲು. ನಾನು ಮಾವನವರಿಗೆ ಕಥೆಯನ್ನು ಬೇಕೆಂದೇ ಹೇಳಿರಲಿಲ್ಲ. ಹರಿಶ್ಚಂದ್ರನ ವಾಸನೆ ಬಂದರೆ ಬಸ್ಸು ಹತ್ತುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಕ್ಕಳ ದೃಶ್ಯ ಬಂದಿತು. ಅದಕ್ಕೆ ಮೊದಲು ಒಂದು ಹಾಸ್ಯ ಪ್ರಸಂಗ ನಡೆದು ಜನರೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದರು. ಲ್ಹಾಮೋದಲ್ಲಿ ದೊಡ್ಡವರೆನ್ನಿಸಿಕೊಂಡವರನ್ನು ಲೇವಡಿ ಮಾಡುವ ಸಲುಗೆ ಹಳೆಯ ಕಾಲದಿಂದಲೂ ಇದೆ. ನಗು ಇನ್ನೂ ಅಡಗದಿರುವಾಗಲೇ ಬ್ರಾಹ್ಮಣ ವೇಷದವರು ಬಂದು ಮಕ್ಕಳನ್ನು ಬೇಡಿದರು. ಸಣ್ಣ ಹುಡುಗಿ, ಎಂಟೊಂಬತ್ತು ವರ್ಷದವಳಿರಬಹುದು, ತಂದೆಯ ತೋಳನ್ನು ಹಿಡಿದುಕೊಂಡಳು. ಸೂತ್ರಧಾರನ ಪಠನ ಓಡಿತು, ನಿಂತಿತು. ರಾಜಕುಮಾರ ಹಾಡಿದ. ಲ್ಹಾಮೋದ ಒಂದು ಪದ್ಧತಿಯೆಂದರೆ, ಒಬ್ಬನು ಹಾಡುವ ಸಾಲಿನ ಕೊನೆಯನ್ನು ಸುತ್ತ ನಿಂತ ಉಳಿದ ಪಾತ್ರಧಾರಿಗಳೆಲ್ಲರೂ ಹಿಡಿದುಕೊಳ್ಳುತ್ತಾರೆ. ಶತ್ರುವಿನ ವೇಷದವನೂ ಹಿಡಿದುಕೊಳ್ಳುತ್ತಾನೆ. ಒಬ್ಬನ ದುಃಖಕ್ಕೆ ಉಸಿರು ಸಾಲದೆಂದು ಎಲ್ಲರೂ ತಮ್ಮ ಉಸಿರನ್ನು ಕೊಟ್ಟಂತೆ ಅದು ಕೇಳಿಸುತ್ತದೆ.

‘ಲೋಹಿತಾಶ್ವ’ ಎಂದರು ಮಾವ. ಯಾರಿಗೂ ಹೇಳಿದ್ದಲ್ಲ.

ಅವರ ಪಕ್ಕದಲ್ಲಿ ಕುಳಿತಿದ್ದ ಟಿಬೆಟಿನ ಮುದುಕಿ ಪಟ್ಟೆಪಟ್ಟೆಯ ಮುಂದುಡುಗೆಯ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಜಪಮಾಲೆ ನಿಂತಿರಲಿಲ್ಲ, ತುಟಿ ಮಾತ್ರ ಆ ಸಾಲಿನ ಕೊನೆಯನ್ನು ಹಿಡಿದಿತ್ತು. ಮುಂದಿನ ಸಾಲಿಗೆ ನನ್ನ ಬಲಗಡೆಯಿಂದ ಒಂದು ತೆಳುವಾದ ಆಧಾರಷಡ್ಜ ಕೇಳಿಬಂದಿತು. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ನಿಂತುಹೋಗುತ್ತಿತ್ತು.

ದೃಶ್ಯ ಮುಗಿದ ಮೇಲೆ ಆ ಅಜ್ಜಿ ಫ್ಲಾಸ್ಕಿನಿಂದ ಬಟ್ಟಲಿಗೆ ಚಹಾ ಬಗ್ಗಿಸಿ ಮಾವನವರ ಮುಂದೆ ಹಿಡಿದರು. ಬೆಣ್ಣೆ ಉಪ್ಪು ಹಾಕಿದ ಚಹಾ. ಚಹಾವೆಂದು ಕುಡಿದರೆ ಮುಖ ಕಿವಿಚುತ್ತದೆ, ಸಾರಿನ ತಿಳಿಯೆಂದುಕೊಂಡು ಕುಡಿದರೆ ಸೊಗಸಾಗಿರುತ್ತದೆ. ಮಾವ ಎರಡನೆಯ ಬಟ್ಟಲನ್ನೂ ಬೇಡವೆನ್ನಲಿಲ್ಲ. ಅಜ್ಜಿಯ ಮೊಮ್ಮಗ ನಮ್ಮಷ್ಟೇ ಚೆನ್ನಾಗಿ, ಪಿರಿಯಾಪಟ್ಟಣದ ಧಾಟಿಯಲ್ಲಿ, ಕನ್ನಡ ಮಾತಾಡುತ್ತಿದ್ದ. ಅವನ ಮೂಲಕ ಮಾವ ಕೇಳಿದ್ದು ಒಂದೇ ಪ್ರಶ್ನೆ. ಈ ಮಕ್ಕಳಿಗೆ ಇದನ್ನು ಕಲಿಸುವವರು ಯಾರು?

ಹಳಬರೇ ಬಾಯಿಂದ ಬಾಯಿಗೆ ಕಲಿಸುತ್ತಾರಂತೆ. ಆದರೆ ಕಲಿತು ದೊಡ್ಡವರಾದವರು ಕೆನಡಾ, ಸ್ವಿಟ್ಜರ್ಲೆಂಡು, ಅಮೆರಿಕಗಳಿಗೆ ಹೊರಟುಹೋಗುತ್ತಾರೆ. ಅಜ್ಜಿಯ ಮಗನೂ ಹೋಗಿದ್ದಾನೆ, ಈ ಹುಡುಗನೂ ಹೋಗುವವನೇ. ಪ್ರತಿ ಸಲವೂ ಹೊಸ ಮಕ್ಕಳಿಗೆ ಮೊದಲಿನಿಂದ ಕಲಿಸಬೇಕು. ಅಜ್ಜಿ ನಗುತ್ತ ಏನೋ ಹೇಳಿದರು. ಹುಡುಗ ಅದನ್ನು ಕನ್ನಡಕ್ಕೆ ತಿರುಗಿಸಿದ: ‘ಅಜ್ಜಿ ಆಡೋದಿಲ್ಲ. ಆದರೆ ಯಾರಾದರೂ ಸಾಲು ಮರೆತರೆ ಇಲ್ಲಿಂದಲೇ ಕೂಗಿ ಹೇಳ್ತಾರೆ.’

ಮಾವ ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಇನ್ನುಳಿದ ಸಂಗತಿಗಳನ್ನು ಬೇಗನೆ ಹೇಳಿಬಿಡುತ್ತೇನೆ. ಬಿಸಿಲು ಬಯಲಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗುವುದರಿಂದ ಕೊಡೆ ಬೇಕು. ಚಪ್ಪಾಳೆಗಾಗಿ ಅಲ್ಲಿ ಯಾರೂ ಕಾಯುವುದಿಲ್ಲ. ಮೆಚ್ಚಿದವರು ಪಾತ್ರಧಾರಿಯ ಕೊರಳಿಗೆ ಬಿಳಿಯ ರೇಷ್ಮೆಯ ಶಲ್ಯ ಹಾಕುತ್ತಾರೆ. ನಮ್ಮ ಹಳ್ಳಿಗಳಲ್ಲಿ ನೋಟಿನ ಹಾರ ಹಾಕುವುದಿಲ್ಲವೆ, ಹಾಗೆ. ಆಟದ ನಡುವೆ ಎದ್ದು ಹೋಗಿ ಬರುವುದಕ್ಕೆ ಯಾರ ಆಕ್ಷೇಪವೂ ಇಲ್ಲ. ಆದರೆ ಕೊನೆಯ ಮಂಗಳಕ್ಕೆ ಇರಲೇಬೇಕು. ಎಲ್ಲರೂ ಎದ್ದು ನಿಂತು, ಹುರಿದ ಬಾರ್ಲಿಯ ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು, ಒಟ್ಟಿಗೆ ಕೂಗಿ ಆಕಾಶಕ್ಕೆ ಎರಚುತ್ತಾರೆ. ಬಟ್ಟೆ ಕೆಡುವುದೆಂದು ಹಿಂದೆ ಸರಿಯುವವರು ಹಳೆಯ ಸೀರೆ ಉಟ್ಟು ಹೋಗುವುದು ಲೇಸು. ನಮ್ಮ ಯಜಮಾನರ ಕನ್ನಡಕ ಬೆಳ್ಳಗಾಯಿತು.

ಹಿಂದಿರುಗುವಾಗ ಬಸ್ಸು ಹುಣಸೂರು ದಾಟಿ ಲಕ್ಷ್ಮಣತೀರ್ಥವೂ ಹಿಂದಾದ ಮೇಲೆ ಮಾವ ಕೇಳಿದರು: ‘ನಮ್ಮೂರಿನ ಆ ಹುಡುಗರು ಈ ವರ್ಷ ಯಾರನ್ನಾದರೂ ಗೊತ್ತು ಮಾಡಿಕೊಂಡರೋ?’

ನನಗೆ ತಿಳಿಯದೆಂದೆ. ಮರು ವಾರ ಹಳ್ಳಿಯಿಂದ ಬಂದವರೊಬ್ಬರ ಕೈಯಲ್ಲಿ ಹಾರ್ಮೋನಿಯಮ್ ಪೆಟ್ಟಿಗೆ ನಮ್ಮ ಮನೆಗೆ ಬಂದಿತು, ಅದೇ ಪಂಚೆಯನ್ನು ಹೊದ್ದುಕೊಂಡು. ತಿದಿ ಹರಿದಿದೆ, ಮೈಸೂರಿನಲ್ಲಿ ರಿಪೇರಿಗೆ ಏನಾಗುತ್ತದೆ ವಿಚಾರಿಸು ಎಂದು ಹೇಳಿ ಕಳುಹಿಸಿದ್ದರು. ವಿಚಾರಿಸಿ ತಿಳಿಸಿದೆ. ಬಹಳ ಹೆಚ್ಚಾಯಿತೆಂದು ಹೇಳಿದ್ದಾರೆ. ಪೆಟ್ಟಿಗೆಯನ್ನು ಮಾತ್ರ ಇನ್ನೂ ಹಿಂದಕ್ಕೆ ಕೇಳಿಲ್ಲ.